ಸುರುಳಿ ತಂತಿಯಲ್ಲಿ ಅಲೆಯ ಪಯಣ

(ಕೂಟದ ಉಪನ್ಯಾಸ ಮಾಲೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



 ಸಭೆಯಲ್ಲಿ ಎಂಜಿನಿಯರುಗಳ ಸಂಖ್ಯೆ ಕಡಿಮೆಯೇನಿಲ್ಲವೆಂಬುದನ್ನು ಬಲ್ಲೆವು. ಆದರೆ ಅವರೊಡನೆ ಬಂದಿರುವ ತಾಯಿತಂದೆಯರಿಗೂ ಮಕ್ಕಳಿಗೂ ತಿಳಿಯುವಂತಿರಬೇಕೆಂಬುದು ಕೂಟದವರ ಅಪೇಕ್ಷೆ. ಆದಕಾರಣ ಸಮೀಕರಣಗಳನ್ನು ಬದಿಗಿಟ್ಟು, ಕೆಲವೇ ಅಂಕಿಗಳನ್ನು ಉಳಿಸಿಕೊಂಡು, ಚರಿತ್ರೆಯ ದಾರಿಯಲ್ಲಿ ಸಾಗೋಣ.

ಸಣ್ಣ ಲೋಹದ ತಂತಿಯೊಂದನ್ನು ಪೆನ್ಸಿಲಿನ ಮೇಲೆ ಸಮನಾಗಿ ಸುತ್ತಿ, ಪೆನ್ಸಿಲನ್ನು ಮೆಲ್ಲನೆ ಎಳೆದುಬಿಟ್ಟರೆ ಒಂದು ಸುರುಳಿ ಉಳಿಯುತ್ತದೆ. ಅದರ ಒಂದು ತುದಿಯಲ್ಲಿ ಅತಿ ಹೆಚ್ಚಿನ ಆವರ್ತದ ವಿದ್ಯುತ್ಕಾಂತೀಯ ಅಲೆಯನ್ನು ಹೊಗಿಸಿದರೆ, ಅದು ತಂತಿಯ ಗುಂಟ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿಯೇ ಓಡುತ್ತದೆ. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ಆದರೆ ಸುರುಳಿಯ ನಡುಗೆರೆಯ ಗುಂಟ ಅದರ ಮುನ್ನಡೆ ತೀರ ನಿಧಾನ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳ ಘಾಟಿಯನ್ನು ಬಸ್ಸಿನಲ್ಲಿ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ರಗಳೇನೋ ಓಡುತ್ತಲೇ ಇರುತ್ತವೆ, ಕಿಟಕಿಯಾಚೆಯ ಬೆಟ್ಟ ಮಾತ್ರ ಅಲ್ಲಿಯೇ ಇರುತ್ತದೆ. ಒಂದು ಸುತ್ತಿಗೆ ಹತ್ತು ಮಿಲಿಮೀಟರು ತಂತಿ ಹಿಡಿದು, ಆ ಸುತ್ತಿನಲ್ಲಿ ಒಂದು ಮಿಲಿಮೀಟರು ಮಾತ್ರ ಮುಂದೆ ಸಾಗುವ ಸುರುಳಿಯಲ್ಲಿ ಅಲೆಯ ಮುನ್ನಡೆ ಬೆಳಕಿನ ವೇಗದ ಹತ್ತರಲ್ಲೊಂದು ಪಾಲು. ಪಾಕ್ಲಿಂಗ್ಟನ್ ಎಂಬ ಆಂಗ್ಲ ಗಣಿತಜ್ಞರು 1897ರಲ್ಲಿಯೇ ಇಂಥ ಸುರುಳಿಯ ಲೆಕ್ಕವನ್ನು ಮಾಡಿದ್ದರು. ಅದರಿಂದ ಯಾರಿಗೇನು ಉಪಯೋಗವೆಂಬುದು ಆಗ ಹೊಳೆದಿರಲಿಲ್ಲ.

ಈ ಅಲೆಯನ್ನು ಪೂರ್ಣವಾಗಿ ವಿವರಿಸಬೇಕಾದರೆ ಮ್ಯಾಕ್ಸ್‌ವೆಲ್ಲರ ಸಮೀಕರಣಗಳನ್ನು ಬಿಡಿಸಬೇಕು. ಸುರುಳಿಯ ಒಳಗೆ, ಹೊರಗೆ, ಸುತ್ತುಗಳ ನಡುವಿನ ಸಂದಿನಲ್ಲಿ, ಪ್ರತಿಯೊಂದು ಬಿಂದುವಿನಲ್ಲಿಯೂ ಕ್ಷೇತ್ರವೆಷ್ಟೆಂದು ಹೇಳಬೇಕು. ಅದು ಮಹಾ ತೊಡಕಿನ ಕೆಲಸ. ಎಂಜಿನಿಯರುಗಳು ಹಿಡಿದದ್ದು ಬೇರೆಯ ದಾರಿ. ಉದ್ದನೆಯ ತಂತಿಯನ್ನು ಒಂದು ಏಣಿಯೆಂದು ಭಾವಿಸುವುದು, ಪ್ರತಿಯೊಂದು ಮೆಟ್ಟಿಲಲ್ಲಿಯೂ ಒಂದು ಪುಟ್ಟ ಸುರುಳಿ, ಒಂದು ಪುಟ್ಟ ಧಾರಕ ಇದೆಯೆಂದು ಕಲ್ಪಿಸುವುದು, ಉಳಿದದ್ದನ್ನು ಬೇಕೆಂದೇ ಮರೆಯುವುದು. ಇದೇ ವಿದ್ಯುನ್ಮಂಡಲದ ಮಾದರಿ. ಹಾಗೆ ಮರೆಯುವಾಗ ಏನನ್ನು ಮರೆಯಬಹುದು, ಏನನ್ನು ಮರೆತರೆ ಕೆಡುತ್ತದೆ ಎಂಬ ಪ್ರಶ್ನೆಯ ಮೇಲೆ ಸುಮಾರು ನೂರು ವರ್ಷ ಜಗಳ ನಡೆಯಿತು. ನಮ್ಮ ಇಂದಿನ ವಿಷಯವೇ ಆ ಜಗಳ.

ಏಣಿಯ ಮೊದಲ ಚಿತ್ರವನ್ನು ಬರೆದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು. ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸುವ ಯೋಜನೆ ಮೊಳೆಯುತ್ತಿದ್ದ 1854-55ರಲ್ಲಿ ಅವರು ಕೇಬಲ್ಲನ್ನು ರೋಧ ಮತ್ತು ಧಾರಕತೆ ಇವೆರಡರಿಂದಲೇ ಕಟ್ಟಿದರು. ಒಲೆಯಲ್ಲಿಟ್ಟ ಕಬ್ಬಿಣದ ಸರಳಿನಲ್ಲಿ ಬಿಸಿ ಹೇಗೆ ಮೆಲ್ಲಗೆ ಹಬ್ಬುತ್ತದೆಯೋ ಹಾಗೆಯೇ ಕೇಬಲ್ಲಿನಲ್ಲಿ ಸಂಕೇತ ಹಬ್ಬುತ್ತದೆ. ಉದ್ದ ಎರಡರಷ್ಟಾದರೆ ವಿಳಂಬ ನಾಲ್ಕರಷ್ಟು. ಕಂಪನಿಯ ವಿದ್ಯುತ್ ಅಧಿಕಾರಿ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಅವರು ಮೂಲತಃ ವೈದ್ಯರು. 1858ರಲ್ಲಿ ಕೇಬಲ್ ಕೂಡಿಕೊಂಡಾಗ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತವನ್ನು ಬಲಪಡಿಸಲೆಂದು ವೈಟ್‌ಹೌಸ್ ಎರಡು ಸಾವಿರ ವೋಲ್ಟಿನಷ್ಟು ಒತ್ತಡ ಹೇರಿದರು. ಕೆಲವೇ ವಾರಗಳಲ್ಲಿ ಕೇಬಲ್ ಸತ್ತಿತು. ಥಾಮ್ಸನ್ನರ ಲೆಕ್ಕ ಗೆದ್ದಿತು, 1866ರ ಕೇಬಲ್ಲು ಅದರ ಆಧಾರದ ಮೇಲೆಯೇ ನಡೆಯಿತು.

ಆದರೆ ಆ ಲೆಕ್ಕದಲ್ಲಿ ಒಂದು ಅಂಶವನ್ನು ಬಿಟ್ಟಿದ್ದರು. ಅದೇ ಸ್ವಪ್ರೇರಣೆ, ಎಂಜಿನಿಯರುಗಳು ಇಂಡಕ್ಟೆನ್ಸ್ ಎನ್ನುವುದು. ಇದನ್ನು ತೇರಿನ ಗುಣವೆನ್ನಬಹುದು. ನಿಂತ ತೇರು ಸುಲಭಕ್ಕೆ ಕದಲುವುದಿಲ್ಲ, ಕದಲಿದ ತೇರು ಸುಲಭಕ್ಕೆ ನಿಲ್ಲುವುದಿಲ್ಲ. ನಿಧಾನದ ತಂತಿಸಂಕೇತಕ್ಕೆ ಈ ಗುಣ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಥಾಮ್ಸನ್ನರು ಅದನ್ನು ಬಿಟ್ಟದ್ದು ಸರಿಯೇ. 1876ರಲ್ಲಿ ಟೆಲಿಫೋನು ಬಂದಿತು. ಮನುಷ್ಯನ ಮಾತು ಸೆಕೆಂಡಿಗೆ ಸಾವಿರಾರು ಸಲ ನಡುಗುವ ವಸ್ತು. ಅಲ್ಲಿ ತೇರನ್ನು ಮರೆಯುವಂತಿರಲಿಲ್ಲ.

ಇದನ್ನು ಕಂಡವರು ಆಲಿವರ್ ಹೆವಿಸೈಡ್. ಲಂಡನ್ನಿನ ಕ್ಯಾಮ್ಡೆನ್ ಟೌನಿನಲ್ಲಿ 1850ರಲ್ಲಿ ಹುಟ್ಟಿದವರು, ಬಾಲ್ಯದ ಜ್ವರದಿಂದ ಕಿವಿ ಮಂದವಾದವರು, ಹದಿನಾರಕ್ಕೆ ಶಾಲೆ ಬಿಟ್ಟವರು. ತಂತಿ ಕಚೇರಿಯ ಕೆಲಸವನ್ನು ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೊರೆದು, ಮನೆಯ ಕೋಣೆಯಲ್ಲಿ ಕುಳಿತು ಗಣಿತ ಮಾಡಿದರು. 1876ರಲ್ಲಿ ಅವರು ಥಾಮ್ಸನ್ನರ ಏಣಿಗೆ ಸ್ವಪ್ರೇರಣೆಯನ್ನು ಸೇರಿಸಿದರು. ಸೇರಿಸಿದೊಡನೆ ಸರಳಿನ ಬಿಸಿಯಂತೆ ಹಬ್ಬುತ್ತಿದ್ದ ಸಂಕೇತ ಅಲೆಯಾಯಿತು. ಹನ್ನೊಂದು ವರ್ಷಗಳ ನಂತರ, 1887ರಲ್ಲಿ, ಅದಕ್ಕಿಂತ ಆಶ್ಚರ್ಯದ ಮಾತನ್ನು ಹೇಳಿದರು. ತಂತಿಯ ರೋಧಕ್ಕೂ ಸ್ವಪ್ರೇರಣೆಗೂ ಇರುವ ಪ್ರಮಾಣ, ಅದರ ಸೋರಿಕೆಗೂ ಧಾರಕತೆಗೂ ಇರುವ ಪ್ರಮಾಣಕ್ಕೆ ಸಮನಾದರೆ, ಮಾತು ಕ್ಷೀಣಿಸಿದರೂ ವಿಕಾರಗೊಳ್ಳದೆ ತಲಪುತ್ತದೆ. ಸಾಮಾನ್ಯ ತಂತಿಗಳಲ್ಲಿ ಸ್ವಪ್ರೇರಣೆ ಕಡಿಮೆ. ಆದ್ದರಿಂದ ಅದನ್ನು ಹೆಚ್ಚಿಸಬೇಕು!

ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರುಗಳಲ್ಲಿ ಅಗ್ರಗಣ್ಯರಾಗಿದ್ದ ವಿಲಿಯಂ ಪ್ರೀಸ್ ಅವರಿಗೆ ಇದು ಶುದ್ಧ ತಲೆಕೆಳಗಿನ ಮಾತಾಗಿ ತೋರಿತು. ಸ್ವಪ್ರೇರಣೆಯೇ ಟೆಲಿಫೋನಿನ ಶತ್ರುವೆಂದು ಅವರು ಸಾರಿದ್ದರು. ಹೆವಿಸೈಡ್ ತಮ್ಮ ಅಣ್ಣನೊಡನೆ ಬರೆದ ಲೇಖನ ಅದೇ ವರ್ಷ ಪ್ರೀಸರ ತಡೆಯಿಂದಾಗಿ ಬೆಳಕು ಕಾಣಲಿಲ್ಲ. ಅವರ ಲೇಖನಮಾಲೆಯನ್ನು ಪ್ರಕಟಿಸುತ್ತಿದ್ದ ಪತ್ರಿಕೆಯ ಸಂಪಾದಕರು ಬದಲಾದ ಮೇಲೆ ಆ ಮಾಲೆಯೂ ನಿಂತಿತು. ಕೊನೆಗೆ 1889ರ ಜನವರಿಯಲ್ಲಿ ವೃದ್ಧ ಥಾಮ್ಸನ್ನರೇ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷ ಭಾಷಣದಲ್ಲಿ ಹೆವಿಸೈಡರ ಕೆಲಸವನ್ನು ಎತ್ತಿ ಹೇಳಿದರು. ತಮ್ಮ ಲೆಕ್ಕವನ್ನು ತಿದ್ದಿದವನನ್ನು ಬಹಿರಂಗವಾಗಿ ಹೊಗಳುವ ದೊಡ್ಡತನ ಎಲ್ಲ ಪಂಡಿತರಲ್ಲಿಯೂ ಇರುವುದಿಲ್ಲವೆಂದು ನಮ್ಮ ಅನಿಸಿಕೆ.

ಹೆವಿಸೈಡರ ಸಲಹೆಯನ್ನು ಕೈಯಲ್ಲಿ ಮಾಡಿ ತೋರಿಸಿದ್ದು ಅಮೆರಿಕದಲ್ಲಿ. ತಂತಿಯ ದಾರಿಯುದ್ದಕ್ಕೂ ಲೆಕ್ಕ ಹಾಕಿದ ಅಂತರಗಳಲ್ಲಿ ಸುರುಳಿಗಳನ್ನು ಕೂರಿಸುವ ಉಪಾಯಕ್ಕೆ ಮೈಕೆಲ್ ಪುಪಿನ್ 1900ರಲ್ಲಿ ಪೇಟೆಂಟ್ ಪಡೆದರು. ಟೆಲಿಫೋನ್ ಕಂಪನಿಯ ಜಾರ್ಜ್ ಕ್ಯಾಂಬೆಲ್ ಅದೇ ಸಮಯದಲ್ಲಿ ಅದೇ ಕೆಲಸವನ್ನು ಮಾಡಿದ್ದರು; ಪೇಟೆಂಟಿನ ವ್ಯಾಜ್ಯದಲ್ಲಿ ಗೆದ್ದವರು ಪುಪಿನ್. ಪೇಟೆಂಟೇ ಮಾಡಿಸದಿದ್ದ ಹೆವಿಸೈಡರಿಗೆ ಒಂದು ಕಾಸೂ ಬರಲಿಲ್ಲ. ಪುಪಿನ್ ಸರ್ಬಿಯನ್ ಹಳ್ಳಿಯ ಹುಡುಗ, 1874ರಲ್ಲಿ ಐದೇ ಸೆಂಟು ಇಟ್ಟುಕೊಂಡು ನ್ಯೂಯಾರ್ಕಿನಲ್ಲಿ ಇಳಿದೆನೆಂದು ತಾವೇ ಬರೆದುಕೊಂಡಿದ್ದಾರೆ. ವಲಸಿಗನೊಬ್ಬ ಆವಿಷ್ಕಾರಕನಾದ ಕಥೆಯೆಂದೇ ಅವರು 1923ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ದೊರಕಿತು.

ಇಲ್ಲಿ ನಡೆದದ್ದನ್ನು ಸ್ವಲ್ಪ ಗಮನಿಸಬೇಕು. ಕಾಗದದ ಮೇಲಿನ ಕಲ್ಪನೆಯ ಏಣಿ ಈಗ ಹೊಲಗದ್ದೆಗಳ ನಡುವೆ ನಿಜವಾದ ಏಣಿಯಾಯಿತು. ಹಾಗಾದೊಡನೆ ಅದರ ಇನ್ನೆರಡು ಗುಣಗಳೂ ಹೊರಬಂದವು. ಒಂದು, ಸುರುಳಿಗಳ ನಡುವಿನ ಅಂತರ ಅಲೆಯುದ್ದಕ್ಕಿಂತ ಸಾಕಷ್ಟು ಚಿಕ್ಕದಾಗಿರುವ ತನಕ ಮಾತ್ರ ಮೆಟ್ಟಿಲುಗಳು ಸೇರಿ ಒಂದೇ ತಂತಿಯಂತೆ ವರ್ತಿಸುತ್ತವೆ. ಇನ್ನೊಂದು, ಸ್ವಪ್ರೇರಣೆ ಹೆಚ್ಚಿದಷ್ಟೂ ಅಲೆ ನಿಧಾನವಾಗುತ್ತದೆ. ಟೆಲಿಫೋನಿನವರಿಗೆ ಈ ನಿಧಾನ ಬೇಕಾದದ್ದೇನೂ ಆಗಿರಲಿಲ್ಲ. ಅದು ಬೇಕಾದ ಮನುಷ್ಯನ ಬರವಿಗೆ ಇನ್ನೂ ನಾಲ್ಕು ದಶಕ ಕಾಯಬೇಕಾಯಿತು.

ಆ ಮನುಷ್ಯ ರುಡಾಲ್ಫ್ ಕಾಂಫ್ನರ್. 1909ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯೆಹೂದ್ಯರು. ಓದಿದ್ದು ವಾಸ್ತುಶಿಲ್ಪ, ಮನಸ್ಸು ಮಾತ್ರ ಭೌತಶಾಸ್ತ್ರದಲ್ಲಿ. ಯುರೋಪಿನ ಗಾಳಿ ಕೆಡುತ್ತಿದ್ದ 1934ರಲ್ಲಿ ಲಂಡನ್ನಿಗೆ ಬಂದು, ಹಗಲು ಕಟ್ಟಡದ ಕೆಲಸ ಮಾಡುತ್ತ, ಬಿಡುವಿನಲ್ಲಿ ಪೇಟೆಂಟ್ ಗ್ರಂಥಾಲಯದಲ್ಲಿ ಕುಳಿತು ವಿದ್ಯುನ್ಮಾನವನ್ನು ತಾವಾಗಿಯೇ ಕಲಿತರು. ಹೊಳೆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು ಅವರ ಅಭ್ಯಾಸ. 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದ ಪ್ರಜೆಯೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇರಿಸಿತು. ಹಿಟ್ಲರನಿಗೆ ಹೆದರಿ ಬಂದವರನ್ನು ಹಿಟ್ಲರನ ಕಡೆಯವರೆಂದು ಕೂಡಿಹಾಕಿದ್ದು ಆ ಕಾಲದ ವಿಪರ್ಯಾಸ. ಮರುವರ್ಷ ಅದೇ ಸರ್ಕಾರದ ನೌಕಾ ಇಲಾಖೆ ಅವರನ್ನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗಕ್ಕೆ, ರೇಡಾರಿನ ರಹಸ್ಯ ಸಂಶೋಧನೆಗೆ ಕಳುಹಿಸಿತು. ರೇಡಾರಿಗೆ ಜೀವ ಕೊಟ್ಟ ಮ್ಯಾಗ್ನೆಟ್ರಾನ್ ಅಲ್ಲಿಯೇ 1940ರಲ್ಲಿ ರಾಂಡಲ್ ಮತ್ತು ಬೂಟ್ ಅವರ ಕೈಯಲ್ಲಿ ಹುಟ್ಟಿತ್ತು.

ಕಾಂಫ್ನರರಿಗೆ ಒದಗಿದ ಸಮಸ್ಯೆ ರೇಡಾರಿನ ಕಿವಿಯದು. ಮರಳಿ ಬರುವ ಕ್ಷೀಣವಾದ ಪ್ರತಿಧ್ವನಿಯನ್ನು, ಗದ್ದಲ ಸೇರಿಸದೆ, ವರ್ಧಿಸಬೇಕು. ಆಗಿನ ಕ್ಲೈಸ್ಟ್ರಾನ್ ನಳಿಕೆಯಲ್ಲಿ ಎಲೆಕ್ಟ್ರಾನುಗಳ ಧಾರೆ ಒಂದು ಕಿರಿದಾದ ಸಂದನ್ನು ದಾಟುತ್ತಿತ್ತು. ಆ ಕ್ಷಣಮಾತ್ರದಲ್ಲಿಯೇ ಕ್ಷೇತ್ರಕ್ಕೂ ಧಾರೆಗೂ ಕೊಡುಕೊಳ್ಳುವಿಕೆ ಮುಗಿಯಬೇಕು. ಕ್ಷೇತ್ರವೇ ಧಾರೆಯ ಜೊತೆಜೊತೆಗೆ ಓಡುವಂತಿದ್ದರೆ ಈ ವ್ಯವಹಾರ ದಾರಿಯುದ್ದಕ್ಕೂ ನಡೆಯಬಹುದಲ್ಲವೇ? ತೊಡಕೆಂದರೆ ಅಲೆಯದು ಬೆಳಕಿನ ವೇಗ, ಎಲೆಕ್ಟ್ರಾನಿನದು ಅಲ್ಲ. ಸುಮಾರು 2,500 ವೋಲ್ಟು ಕೊಟ್ಟರೆ ಎಲೆಕ್ಟ್ರಾನ್ ಬೆಳಕಿನ ವೇಗದ ಹತ್ತರಲ್ಲೊಂದನ್ನು ಮುಟ್ಟುತ್ತದೆ. ಆದ್ದರಿಂದ ಅಲೆಯನ್ನೇ ಆ ವೇಗಕ್ಕೆ ಇಳಿಸಬೇಕು. ಘಾಟಿ ರಸ್ತೆಯ ಬಸ್ಸು ಇಲ್ಲಿ ನೆನಪಿಗೆ ಬರಲಿ. 1942ರ ಕೊನೆಯ ಹೊತ್ತಿಗೆ ಅವರ ಪುಸ್ತಕದಲ್ಲಿ ಸುರುಳಿಯ ಚಿತ್ರ ಮೂಡಿತು. 1943ರಲ್ಲಿ, ಗಾಜಿನ ನಳಿಕೆಯೊಳಗೆ ಸುರುಳಿ, ಸುರುಳಿಯ ನಡುವೆ ಎಲೆಕ್ಟ್ರಾನ್ ಧಾರೆ, ಹೀಗೆ ಕಟ್ಟಿದ ಸಾಧನ ವರ್ಧನೆಯನ್ನು ಕೊಟ್ಟೇಬಿಟ್ಟಿತು. ಸುರುಳಿ ಮತ್ತು ಧಾರೆಗಳನ್ನು ಹೊಂದಿಸುವ ಯೋಚನೆ ಅವರಿಗಿಂತ ಮೊದಲೇ ಅಮೆರಿಕದಲ್ಲಿ ಆಂಡ್ರೆ ಹೇಫ್, ಲಿಂಡೆನ್‌ಬ್ಲಾಡ್ ಮೊದಲಾದವರಿಗೂ ಬಂದಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಗಿಡ ಹಿಡಿದದ್ದು ಬರ್ಮಿಂಗ್‌ಹ್ಯಾಮಿನ ಮಣ್ಣಿನಲ್ಲಿ.

ಅದು ಏಕೆ ವರ್ಧಿಸುತ್ತದೆ, ಎಷ್ಟು ವರ್ಧಿಸುತ್ತದೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಪಿಯರ್ಸ್. ಟ್ರಾನ್ಸಿಸ್ಟರಿಗೆ ಆ ಹೆಸರಿಟ್ಟವರೂ ಇವರೇ. ಬೇರೆ ಹೆಸರಿನಲ್ಲಿ ವೈಜ್ಞಾನಿಕ ಕಥೆಗಳನ್ನೂ ಬರೆಯುತ್ತಿದ್ದ ರಸಿಕರು. 1947ರ ಲೇಖನದಲ್ಲಿಯೂ 1950ರ ಪುಸ್ತಕದಲ್ಲಿಯೂ ಅವರು ಮಾಡಿದ್ದು ನೋಡಿದರೆ ಅತಿ ಸರಳ. ಸುರುಳಿಯ ಸುತ್ತಲಿನ ಅಷ್ಟೂ ಕ್ಷೇತ್ರವನ್ನು ಬದಿಗೆ ಸರಿಸಿ, ಅದರ ಜಾಗದಲ್ಲಿ ಹೆವಿಸೈಡರ ಹಳೆಯ ಏಣಿಯನ್ನು ನಿಲ್ಲಿಸಿದರು. ಅಲೆ ಸುರುಳಿಯಲ್ಲಿ ಎಷ್ಟು ನಿಧಾನವೋ ಅಷ್ಟೇ ನಿಧಾನವಾಗುವಂತೆ ಮೆಟ್ಟಿಲಿನ ಸ್ವಪ್ರೇರಣೆಯನ್ನೂ ಧಾರಕತೆಯನ್ನೂ ಆರಿಸಿದರು. ರೋಧವನ್ನು ಮೊದಲಿಗೆ ಕೈಬಿಟ್ಟರು. ಏಣಿಯ ಪಕ್ಕದಲ್ಲಿ ಎಲೆಕ್ಟ್ರಾನ್ ಧಾರೆ ಹರಿಯುತ್ತದೆ. ಏಣಿಯ ಅಲೆ ಧಾರೆಯ ಕೆಲವು ಎಲೆಕ್ಟ್ರಾನುಗಳನ್ನು ತಡೆದು ಕೆಲವನ್ನು ತಳ್ಳಿ ಗುಂಪುಗೂಡಿಸುತ್ತದೆ. ಗುಂಪುಗೂಡಿದ ಧಾರೆ ಏಣಿಯಲ್ಲಿ ಹೊಸ ಪ್ರವಾಹವನ್ನು ಎಬ್ಬಿಸುತ್ತದೆ. ಆ ಪ್ರವಾಹ ಅಲೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಎಲೆಕ್ಟ್ರಾನುಗಳು ಸ್ವಲ್ಪ ವೇಗ ಕಳೆದುಕೊಂಡ ಶಕ್ತಿಯೇ ಅಲೆಗೆ ಲಾಭ.

ಇಷ್ಟನ್ನು ಲೆಕ್ಕಕ್ಕೆ ಇಳಿಸಿದಾಗ ನಾಲ್ಕು ಅಲೆಗಳು ದೊರೆಯುತ್ತವೆ. ಒಂದು ಹಿಂದಕ್ಕೆ ಹೋಗುವುದು, ಅದನ್ನು ಮರೆಯಬಹುದು. ಉಳಿದ ಮೂರರಲ್ಲಿ ಒಂದು ಬೆಳೆಯುತ್ತದೆ, ಒಂದು ಅಳಿಯುತ್ತದೆ, ಒಂದು ಇದ್ದಂತೆಯೇ ಇರುತ್ತದೆ. ಧಾರೆ ಮತ್ತು ಅಲೆಗಳ ವೇಗ ಸರಿಹೊಂದಿದ ಆದರ್ಶ ಸ್ಥಿತಿಯಲ್ಲಿ, ಒಳಗೆ ಬಂದ ಸಂಕೇತ ಈ ಮೂವರು ದಾಯಾದಿಗಳಲ್ಲಿ ಸಮನಾಗಿ ಹಂಚಿಹೋಗುತ್ತದೆ. ಬೆಳೆಯುವವನಿಗೆ ಸಿಗುವುದು ಮೂರನೆಯ ಒಂದು ಪಾಲು ಮಾತ್ರ. ಆದ್ದರಿಂದ ಪಿಯರ್ಸರ ಪ್ರಸಿದ್ಧ ಸೂತ್ರ 9.54 ಡೆಸಿಬೆಲ್ಲಿನ ನಷ್ಟದಿಂದಲೇ ಆರಂಭವಾಗುತ್ತದೆ. ಆಮೇಲೆ ಲಾಭ: 47.3ನ್ನು ಎರಡು ಸಂಖ್ಯೆಗಳಿಂದ ಗುಣಿಸಬೇಕು. ಒಂದು, ಸುರುಳಿಯಲ್ಲಿ ಎಷ್ಟು ಅಲೆಯುದ್ದಗಳು ಹಿಡಿಸುತ್ತವೆ ಎಂಬುದು. ಇನ್ನೊಂದು, ಧಾರೆಗೂ ಸುರುಳಿಗೂ ಇರುವ ನಂಟಿನ ಅಳತೆ, ಸಾಮಾನ್ಯವಾಗಿ ನೂರರಲ್ಲಿ ಎರಡು, ಐದು, ಹತ್ತರಷ್ಟು ಚಿಕ್ಕ ಸಂಖ್ಯೆ. ನಂಟು ನೂರರಲ್ಲಿ ಎರಡು, ಅಲೆಯುದ್ದಗಳು ಐವತ್ತು ಎಂದಿಟ್ಟುಕೊಳ್ಳಿ. ಗುಣಲಬ್ಧ ಒಂದು. ಲಾಭ 47.3, ಅದರಲ್ಲಿ ನಷ್ಟ ಕಳೆದರೆ ಸುಮಾರು 37.8 ಡೆಸಿಬೆಲ್. ಎಂದರೆ ಒಳಗೆ ಹೋದ ಶಕ್ತಿ ಹೊರಗೆ ಬರುವಾಗ ಸುಮಾರು ಆರು ಸಾವಿರ ಪಟ್ಟು. ನಳಿಕೆ ಮಾಡುವ ಕಾರ್ಖಾನೆಯವನಿಗೆ ಚೀಟಿಯ ಹಿಂಬದಿಯಲ್ಲಿ ಮಾಡಿಮುಗಿಸಬಹುದಾದ ಲೆಕ್ಕವಿದು. ಪಿಯರ್ಸರ ದೊಡ್ಡ ಕೊಡುಗೆ ಇದೇ ಎಂದು ನಾವು ಎಣಿಸುತ್ತೇವೆ.

ಹಾಗಾದರೆ ಮ್ಯಾಕ್ಸ್‌ವೆಲ್ಲರಿಗೆ ಕೆಲಸವೇ ಇಲ್ಲವಾಯಿತೆ? ಇಲ್ಲ. ಆ ನಂಟಿನ ಅಳತೆಯೊಳಗೇ ಅವರು ಅಡಗಿದ್ದಾರೆ. ಧಾರೆ ಹರಿಯುವ ಜಾಗದಲ್ಲಿ ಸುರುಳಿಯ ಕ್ಷೇತ್ರ ಎಷ್ಟು ತೀಕ್ಷ್ಣವೆಂಬುದನ್ನು ಏಣಿ ಹೇಳಲಾರದು. ಅದನ್ನು ಕ್ಷೇತ್ರಸಿದ್ಧಾಂತದಿಂದ ಎರವಲು ತರಬೇಕು. ಅದಕ್ಕೂ ಒಂದು ಸೊಗಸಾದ ಕಲ್ಪನೆ ಸಿದ್ಧವಿತ್ತು. ಓಲೆಂಡಾರ್ಫ್ ಎಂಬವರು 1926ರ ತಮ್ಮ ಜರ್ಮನ್ ಗ್ರಂಥದಲ್ಲಿ, ಸುರುಳಿಯನ್ನು ತೆಳುವಾದ ಕೊಳವೆಯೆಂದೂ, ಆ ಕೊಳವೆ ಓರೆಯಾದ ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಹರಿಯಬಿಡುತ್ತದೆಯೆಂದೂ ಭಾವಿಸಿದ್ದರು. ಅಂಥ ಕೊಳವೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಆದರೂ ಉತ್ತರ ಸತ್ಯಕ್ಕೆ ಸಮೀಪ. ಪಿಯರ್ಸ್ ಈ ಇಲ್ಲದ ಕೊಳವೆಯಿಂದ ಒಂದು ಸಂಖ್ಯೆಯನ್ನು ತೆಗೆದು ತಮ್ಮ ಇಲ್ಲದ ಏಣಿಯಲ್ಲಿ ಕೂರಿಸಿದರು. ನಳಿಕೆ ಮಾತ್ರ ನಿಜವಾಗಿಯೂ ಕೆಲಸ ಮಾಡಿತು. ಸುರುಳಿಯನ್ನು ಸುತ್ತುಸುತ್ತಾಗಿ, ಪಟ್ಟಿಯಂತೆಯೇ ಎಣಿಸಿ ಬಿಡಿಸಿದ ಹೆಚ್ಚು ಪ್ರಾಮಾಣಿಕ ಲೆಕ್ಕವನ್ನು ಸೆನ್ಸಿಪರ್ 1951ರಲ್ಲಿ ಕೊಟ್ಟರು. ಏಣಿ ಎಲ್ಲಿಯ ತನಕ ನಂಬಿಕೆಗೆ ಅರ್ಹವೆಂಬುದು ಅದರಿಂದ ತಿಳಿಯಿತು.

ಏಣಿ ಮುರಿಯುವ ಜಾಗವೂ ಒಂದಿದೆ. ಸುರುಳಿಯ ಒಂದು ಸುತ್ತಿನ ಉದ್ದ ಒಂದು ಅಲೆಯುದ್ದಕ್ಕೆ ಸಮನಾದರೆ, ಅಲೆ ತಂತಿಯನ್ನು ಬಿಟ್ಟು ಆಕಾಶಕ್ಕೆ ಹಾರುತ್ತದೆ. ಏಣಿಯ ಲೆಕ್ಕದಲ್ಲಿ ಆಕಾಶವೇ ಇಲ್ಲ! 1946ರಲ್ಲಿ ಓಹಾಯೋದಲ್ಲಿ ಈ ನಳಿಕೆಯ ಕುರಿತ ಉಪನ್ಯಾಸ ಕೇಳುತ್ತಿದ್ದ ಜಾನ್ ಕ್ರಾಸ್, ಸುರುಳಿಯನ್ನು ಆಂಟೆನಾ ಆಗಿ ಬಳಸಬಹುದೇ ಎಂದು ಕೇಳಿದರಂತೆ. ಆಗದೆಂಬ ಉತ್ತರ ಬಂದಿತು. ಅವರು ಮನೆಗೆ ಹೋಗಿ ಏಳು ಸುತ್ತಿನ ಸುರುಳಿ ಸುತ್ತಿ ನೋಡಿದರು. ಹೆಲಿಕಲ್ ಆಂಟೆನಾ ಹುಟ್ಟಿದ್ದು ಹಾಗೆ.

ಕಾಂಫ್ನರ್ 1951ರ ಕೊನೆಯಲ್ಲಿ ಅಮೆರಿಕಕ್ಕೆ ಬಂದು ಬೆಲ್ ಪ್ರಯೋಗಾಲಯದಲ್ಲಿ ಪಿಯರ್ಸರನ್ನು ಕೂಡಿಕೊಂಡರು. ಸುರುಳಿ ಕಟ್ಟಿದವರೂ ಅದರ ಲೆಕ್ಕ ಬರೆದವರೂ ಒಂದೇ ಸೂರಿನಡಿ ಬಂದರು. 1962ರ ಜುಲೈ 10ರಂದು ಹಾರಿದ ಟೆಲ್‌ಸ್ಟಾರ್ ಉಪಗ್ರಹ ಆ ಪ್ರಯೋಗಾಲಯದ್ದು. ಮೈಮೇಲೆ 3,600 ಸೌರಕೋಶಗಳು, ಹೊಟ್ಟೆಯಲ್ಲಿ ಒಂದೇ ಒಂದು ಸುರುಳಿ ನಳಿಕೆ. ಕೆಲವೇ ವಾಟುಗಳ ಶಕ್ತಿಯಿಂದ ಅದು ಅಟ್ಲಾಂಟಿಕ್ಕಿನ ಎರಡು ದಡಗಳ ನಡುವೆ ದೂರದರ್ಶನದ ಚಿತ್ರವನ್ನು ದಾಟಿಸಿತು. ನೂರು ವರ್ಷಗಳ ಹಿಂದೆ ರಾಣಿಯ 98 ಪದಗಳು ತೆವಳಿದ ದಾರಿ ಅದೇ.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರೆಂದು ಹೆಸರಾದ ಡಾ. ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ವಿದ್ಯಾರ್ಥಿವೇತನ ಪಡೆದು, 1947ರಲ್ಲಿ ಹಡಗೇರಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಎಲೆಕ್ಟ್ರಾನ್ ನಳಿಕೆಗಳ ಪಂಡಿತರಾದ ಪ್ರೊಫೆಸರ್ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮುಗಿಸಿ, 1953ರಲ್ಲಿ ತಾಯ್ನಾಡಿಗೆ ಮರಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪತಿಯೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ವಿದ್ಯುತ್ಕಾಂತ ಸಿದ್ಧಾಂತವನ್ನೂ ನಳಿಕೆಗಳ ವಿದ್ಯುನ್ಮಂಡಲಗಳನ್ನೂ ದಶಕಗಳ ಕಾಲ ಬೋಧಿಸಿದರು. ಏಣಿಯ ಭಾಷೆ, ಕ್ಷೇತ್ರದ ಭಾಷೆ ಎರಡನ್ನೂ ಒಂದೇ ಕೊಠಡಿಯಲ್ಲಿ ಕಲಿಸಿದವರು ಅವರು. 2010ರಲ್ಲಿ ತೀರಿಕೊಂಡರು. ಹಡಗಿನಲ್ಲಿ ಬಂದು ಹಿಂದಿರುಗಿದ ಆ ಪೀಳಿಗೆಯ ಹೆಣ್ಣುಮಕ್ಕಳ ಬಗ್ಗೆ ನಮ್ಮ ಕೂಟಗಳಲ್ಲಿ ಮಾತು ಕಡಿಮೆಯೆಂಬ ಕೊರಗು ನಮಗಿದೆ. ಇಂದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಬಿ.ಇ.ಎಲ್. ಆವರಣದೊಳಗೆ, ರಕ್ಷಣಾ ಇಲಾಖೆಯ ಮೈಕ್ರೋವೇವ್ ನಳಿಕೆ ಸಂಶೋಧನಾ ಕೇಂದ್ರ ಇದೇ ಸುರುಳಿಗಳ ಮೇಲೆ ಕೆಲಸ ಮಾಡುತ್ತಿದೆ.

ಇನ್ನೊಂದು ಮಾತು, ಸಭೆಯ ಹಿರಿಯರಿಗಾಗಿ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಊರಿಗೆ ಟ್ರಂಕ್ ಕರೆ ಬುಕ್ ಮಾಡಿ, ಗಂಟೆಗಟ್ಟಲೆ ಕಾದು, ಕೊನೆಗೆ ಲೈನು ಸಿಕ್ಕಾಗ ಅಮ್ಮನ "ಹಲೋ" ಕೇಳಿ ನಾವು ಉತ್ತರಿಸುವಷ್ಟರಲ್ಲಿ ಅತ್ತಲಿಂದ "ಹಲೋ, ಕೇಳಿಸ್ತಾ ಇದೆಯಾ?" ಎಂಬ ಇನ್ನೊಂದು ದನಿ ಬಂದು ಎರಡೂ ಡಿಕ್ಕಿ ಹೊಡೆಯುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಪುಣೆಯ ಬಳಿಯ ಆರ್ವಿಯಲ್ಲಿ 1971ರಲ್ಲಿ ಆರಂಭವಾದ ಭೂಕೇಂದ್ರದ ಮೂಲಕ ಅಂಥ ಕರೆಗಳು ಇಂಟೆಲ್‌ಸ್ಯಾಟ್ ಉಪಗ್ರಹಗಳಿಗೆ ಏರುತ್ತಿದ್ದವು. ಅಲ್ಲಿ ಸುರುಳಿ ನಳಿಕೆಯೊಂದು ಆ ದನಿಗೆ ಬಲ ಕೂಡಿಸಿ ಕೆಳಗೆ ಕಳುಹಿಸುತ್ತಿತ್ತು. ಸುಮಾರು 36,000 ಕಿಲೋಮೀಟರು ಹತ್ತಿ ಅಷ್ಟೇ ಇಳಿಯಲು ಕಾಲು ಸೆಕೆಂಡು. ಅದೇ ದನಿ, ಒಂದಡಿಯಷ್ಟು ಉದ್ದದ ಸುರುಳಿಯೊಳಗೆ, ಬೆಳಕಿನ ವೇಗದ ಹತ್ತರಲ್ಲೊಂದು ನಡಿಗೆಯಲ್ಲಿ, ಸುತ್ತು ಸುತ್ತು ಹಾಕಿಕೊಂಡು ಹೋಗಲು ತೆಗೆದುಕೊಳ್ಳುತ್ತಿದ್ದ ಕಾಲ ಒಂದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗ ಮಾತ್ರ.